ಆಯುಧಪೂಜೆಗೆ ಬಂದ ಲಟ್ಟಣಿಗೆ

ಹುಲಿಗುಂದದ ಅರಮನೆಯಲ್ಲಿ ಆಯುಧಪೂಜೆ. ಪೀಠದ ಮೇಲೆ ವೀರಭೈರ ನಾಯಕರ ಮುತ್ತಾತನ ಕತ್ತಿ. ಅದರ ಪಕ್ಕದಲ್ಲೇ ಒಂದು ಲಟ್ಟಣಿಗೆ! ಅದಕ್ಕೆ ಕುಂಕುಮ ಬೇರೆ, ಸೇವಂತಿಗೆ ಬೇರೆ.

"ಯಾರ ಕೆಲಸ ಇದು?" ಆಸ್ಥಾನದ ಅಚ್ಯುತ ಶಾಸ್ತ್ರಿಗಳು ಬಲಭುಜ ನೀವಿಕೊಳ್ಳುತ್ತ ಗುಡುಗಿದರು.

"ನಂದೇ ಸ್ವಾಮಿ," ಎಂದಳು ಅಡುಗೆಯ ನಿಂಗಾಜಮ್ಮ. "ಮೂವತ್ತು ವರ್ಷದಿಂದ ನಂಗೆ ಅನ್ನ ಹಾಕಿರೋದು ಅದೇ ಅಲ್ವಾ?"

ಶಾಸ್ತ್ರಿಗಳು ನಾಯಕರತ್ತ ತಿರುಗಿದರು. "ಪ್ರಭು, ಆಯುಧ ಎಂಬ ಮಾತು ಹುಟ್ಟಿದ್ದು 'ಯುಧ್' ಎಂಬ ಧಾತುವಿನಿಂದ. ಯುಧ್ ಎಂದರೆ ಹೋರಾಡು. ಯಾವುದರಿಂದ ಹೊಡೆದಾಡುತ್ತಾರೋ ಅದೇ ಆಯುಧ. ಹೋಳಿಗೆ ಲಟ್ಟಿಸುವ ಕೋಲಲ್ಲ! ಈ ಅವಮಾನಕ್ಕೆ ಇವಳನ್ನು ಇವತ್ತೇ ಊರು ಬಿಡಿಸಬೇಕು."

ಅರ್ಥವಾಗದ ಮಾತಿನ ಮೇಲೆ ನಾಯಕರಿಗೆ ಬಲು ಗೌರವ. ತಲೆಯಾಡಿಸಿಬಿಟ್ಟರು. ಅರಮನೆ ಬಿಟ್ಟರೆ ನಿಂಗಾಜಮ್ಮನಿಗೆ ಇನ್ನೊಂದು ಮನೆಯಿರಲಿಲ್ಲ.

ಅವಳ ಕೈಯಡುಗೆ ಉಂಡೇ ಹೊಟ್ಟೆ ಬೆಳೆಸಿದ್ದ ವಿದೂಷಕ ಬೊಪ್ಪಣ್ಣನ ಕರುಳು ಚುರುಕ್ಕೆಂದಿತು. ಅವನು ಎದ್ದು ನಿಂತ.

"ಶಾಸ್ತ್ರಿಗಳು ಹೇಳಿದ ಅರ್ಥದಂತೆಯೇ ತೀರ್ಪಾಗಲಿ. ಒಪ್ಪಿಗೆಯೇ?"

"ಒಂದಕ್ಷರವೂ ಬದಲಾಗಕೂಡದು!" ಎಂದರು ಶಾಸ್ತ್ರಿಗಳು.

"ಹಾಗಾದರೆ ಬುದ್ಧಿ, ತಾವೊಮ್ಮೆ ಕತ್ತಿ ಹಿರಿಯಬೇಕು."

ನಾಯಕರು ಎಳೆದರು. ಬರಲಿಲ್ಲ. ಇಬ್ಬರು ಭಟರು ಒರೆ ಹಿಡಿದು ಜಗ್ಗಿದರು. ಆಗಲೂ ಇಲ್ಲ. ನಲವತ್ತು ವರ್ಷ ಒರೆಯ ಸಮೇತ ಹಾಲು, ಜೇನುತುಪ್ಪ ಸುರಿದು ಅಭಿಷೇಕ ಮಾಡಿದ್ದರೇ ಹೊರತು, ಒಬ್ಬರಾದರೂ ಹೊರಗೆ ತೆಗೆದು ಒರೆಸಿರಲಿಲ್ಲ. ಕೊನೆಗೆ ಬರೀ ಹಿಡಿ ನಾಯಕರ ಕೈಗೆ ಕಿತ್ತುಬಂತು.

"ಇದಂತೂ ಹೊಡೆದಾಡುವುದಿಲ್ಲ ಬುದ್ಧಿ," ಎಂದ ಬೊಪ್ಪಣ್ಣ.

"ಲಟ್ಟಣಿಗೆ ಯಾವ ಯುದ್ಧ ಗೆದ್ದಿದೆಯೋ?" ಶಾಸ್ತ್ರಿಗಳು ಕೂಗಿದರು.

"ನಿನ್ನೆಯೇ ಗೆದ್ದಿದೆ. ನೈವೇದ್ಯದ ಹೋಳಿಗೆಗೆ ಯಾರೋ ಕಳ್ಳ ಕೈ ಹಾಕಿದ್ದ. ಒಲೆಯ ಹೊಗೆಯಲ್ಲಿ ಮುಖ ಕಾಣಲಿಲ್ಲವಂತೆ. ನಿಂಗಾಜಮ್ಮ ಬಲಭುಜ ನೋಡಿ ಒಂದು ಬಿಟ್ಟಳು, ಕಳ್ಳ ಓಡಿದ." ಬೊಪ್ಪಣ್ಣ ಕೈಮುಗಿದ. "ಸಾಕ್ಷಿ ಬೇಕೆಂದರೆ, ಶಾಸ್ತ್ರಿಗಳು ಉತ್ತರೀಯ ತುಸು ಸರಿಸಲಿ."

ಶಾಸ್ತ್ರಿಗಳು ಉತ್ತರೀಯವನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. ನಾಯಕರು ನಕ್ಕ ನಗೆಗೆ ಕೈಯಲ್ಲಿದ್ದ ಹಿಡಿಯೂ ಜಾರಿ ಬಿತ್ತು.

ಆ ವರ್ಷದ ಮೊದಲ ಮಂಗಳಾರತಿ ಲಟ್ಟಣಿಗೆಗೆ ಸಂದಿತು. ಎತ್ತಿದವರು ಶಾಸ್ತ್ರಿಗಳೇ. ಬಲಗೈ ಮಾತ್ರ ಎದೆಯಿಂದ ಮೇಲಕ್ಕೆ ಏಳಲಿಲ್ಲ, ಅಷ್ಟೆ.