ಕಲ್ಲಿಸ್ತೆ ತಾಯಿಯವರು ನೆಲದ ಮೇಲೆ ಮಲಗಿಸಿದ ಕೂಸು

ಕಪುವಾ ಪಟ್ಟಣದ ಕೋಟೆಗೋಡೆಯ ಹೊರಗೆ, ಊರವರೆಲ್ಲ ಕಸ ಸುರಿಯುವ ತಿಪ್ಪೆಯ ಪಕ್ಕದಲ್ಲೇ ಪೂಜ್ಯ ಕಲ್ಲಿಸ್ತೆ ತಾಯಿಯವರ ಗುಡಿಸಲಿತ್ತು. ಬೇರೆ ಜಾಗ ಸಿಗಲಿಲ್ಲವೆಂದಲ್ಲ, ಬೇಕೆಂದೇ ಅಲ್ಲಿದ್ದರು. ಬೇಡವಾದ ಕೂಸುಗಳನ್ನು ಜನ ಅಲ್ಲಿಗೇ ತಂದು ಬಿಡುತ್ತಿದ್ದರು. ತಾಯಿಯವರು ಉಣ್ಣೆ ನೂಲುತ್ತಾ, ಯೇಸುಸ್ವಾಮಿಯ ನಾಮ ಸ್ಮರಿಸುತ್ತಾ ಅವುಗಳನ್ನು ಸಾಕುತ್ತಿದ್ದರು.

ಆ ವರ್ಷದ ಅವಾಂತರವನ್ನಂತೂ ಕೇಳಬೇಡಿ! ರೋಮ್ ಸಾಮ್ರಾಜ್ಯ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳನ್ನು ಕಂಡಿತು. ಒಬ್ಬನಿಗೆ ಜೈಕಾರ ಹಾಕಿದ ಗಂಟಲು ಆರುವ ಮೊದಲೇ ಇನ್ನೊಬ್ಬ ಬಂದಿರುತ್ತಿದ್ದ. ಇಂಥ ಕೇಡುಗಾಲದಲ್ಲಿ ಹುಟ್ಟಿದ ಮಕ್ಕಳು ಮನೆಗೆ ಆಗಿಬರುವುದಿಲ್ಲ ಎಂಬ ಮಾತು ಊರೆಲ್ಲ ಹಬ್ಬಿತ್ತು.

ಹಗ್ಗ ಹೊಸೆಯುವ ವಿಬಿಯುಸ್ ಅದನ್ನು ನಂಬಿಬಿಟ್ಟ. ಆ ರೋಮನರಲ್ಲಿ ಒಂದು ಪದ್ಧತಿ. ಹುಟ್ಟಿದ ಕೂಸನ್ನು ತಂದೆಯ ಕಾಲ ಬಳಿ ಬರಿ ನೆಲದ ಮೇಲೆ ಮಲಗಿಸುತ್ತಾರೆ. ಅವನು ಬಗ್ಗಿ ಎತ್ತಿಕೊಂಡರೆ ಅದು ಮನೆಯ ಮಗು, ಇಲ್ಲದಿದ್ದರೆ ತಿಪ್ಪೆಯ ಪಾಲು. ವಿಬಿಯುಸ್ ತನ್ನ ಮಗಳನ್ನು ಎತ್ತಲಿಲ್ಲ, ಮುಖವನ್ನೂ ನೋಡದೆ ಹೊರನಡೆದ. ಅಂದು ಗೋಡೆಯ ಕಡೆ ತಿರುಗಿ ಮಲಗಿದ ಹೆಂಡತಿ ರುಫಿಲ್ಲ ಮತ್ತೆ ತುತ್ತು ಮುಟ್ಟಲಿಲ್ಲ. ಇವಳೂ ಕೈಬಿಟ್ಟು ಹೋಗುತ್ತಾಳೆ ಎಂದು ಅವನಿಗೆ ಜೀವ ಬಾಯಿಗೆ ಬಂತು. ಆಗ ಮನೆಯ ದಾದಿ ಅಳುತ್ತಾ, ಕೂಸನ್ನು ತಿಪ್ಪೆಗೆ ಹಾಕದೆ ಕಲ್ಲಿಸ್ತೆ ತಾಯಿಯವರ ಕೈಗಿಟ್ಟು ಬಂದೆನೆಂದಳು.

ವಿಬಿಯುಸ್ ಎದ್ದು ಬಿದ್ದು ಓಡಿದ. ಒಳಗಿನ ಭಯ ಮುಚ್ಚಿಕೊಳ್ಳಲು ಬಾಗಿಲಲ್ಲೇ ಕೂಗಾಡಿದ.

"ಏ ಮುದುಕಿ, ಎಲ್ಲಿ ನನ್ನ ಮಗು? ಮಾರಿಬಿಟ್ಟೆಯಾ? ಕೂಸುಗಳನ್ನು ಆಯ್ದು ಗುಲಾಮರ ಸಂತೆಗೆ ಸಾಗಿಸುವವರನ್ನು ನಾನು ಕಂಡಿಲ್ಲವೇ?"

ತಾಯಿಯವರು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕೂಸನ್ನು ತಂದು ಅವನ ಕಾಲ ಬಳಿ ನೆಲದ ಮೇಲೆ ಮಲಗಿಸಿದರು.

"ಇದು ನನ್ನದೇನಾ?"

"ಎತ್ತಿಕೊಳ್ಳಪ್ಪ."

"ಮೊದಲು ಹೇಳು, ಹೌದೋ ಅಲ್ಲವೋ?"

ತಾಯಿಯವರು ಕೂಸಿನತ್ತ ಕೈ ತೋರಿಸಿದರು. ಅವನು ಬಗ್ಗಿ ಬಗ್ಗಿ ನೋಡಿದ. ಅಂದು ನೋಡಿದ್ದರಲ್ಲವೇ ಇಂದು ಗುರುತು ಸಿಗುವುದು! ನೆಲ ಚಳಿಗೆ ಕೊರೆಯುತ್ತಿತ್ತು. ಕೂಸು ಕಿಟಾರನೆ ಚೀರಿತು. ವಿಬಿಯುಸ್ ತಡೆಯಲಾರದೆ ಬಾಚಿ ಎತ್ತಿ ಎದೆಗವಚಿಕೊಂಡ. ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಕೂಸು ಅಳು ನಿಲ್ಲಿಸಿತು. ಅವನ ಅಳು ಶುರುವಾಯಿತು.

"ತಪ್ಪಾಯಿತು ತಾಯಿ. ಇವಳು ನನ್ನ ಮಗಳೇ ತಾನೇ?"

"ಅಲ್ಲಪ್ಪ. ಅದು ಗಂಡುಮಗು, ನಿನ್ನೆ ಸಿಕ್ಕಿತು. ನಿನ್ನ ಮಗಳು ಒಳಗೆ ಹೊಟ್ಟೆ ತುಂಬ ಮೇಕೆಹಾಲು ಕುಡಿದು ಮಲಗಿದ್ದಾಳೆ. ಇವನನ್ನು ಇಲ್ಲಿ ಕೊಡು, ಅವಳನ್ನು ತರುತ್ತೇನೆ."

ಬದುಕಿದ್ದಾಳೆ! ವಿಬಿಯುಸನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕುಸಿದು ಕುಳಿತು ನಗುತ್ತಾ ಅತ್ತ. ಆದರೆ ಕೈಚಾಚಿ ನಿಂತಿದ್ದ ತಾಯಿಯವರಿಗೆ ಕೂಸನ್ನು ಕೊಡಲಿಲ್ಲ.

"ಎತ್ತಿಕೊಂಡಾಯಿತಲ್ಲ ತಾಯಿ, ಇನ್ನು ಹೇಗೆ ಇಳಿಸಲಿ?"

ಪುಣ್ಯಾತ್ಮರು ಅವನ ತಲೆಯ ಮೇಲೆ ಕೈಯಿಟ್ಟು ಹರಸಿದರು, ಮಗಳನ್ನೂ ತಂದುಕೊಟ್ಟರು.

ಆ ಸಂಜೆ ಮಗಳು ಮಡಿಲಿಗೆ ಬಂದಾಗ ರುಫಿಲ್ಲ ಅವಳನ್ನು ಮೂಸಿ ಮೂಸಿ ಮುದ್ದಿಟ್ಟಳು. ಆಮೇಲೆ ಗಂಡನ ತೋಳಿನತ್ತ ಕಣ್ಣು ಹೋಯಿತು.

"ಅಯ್ಯೋ, ಇದು ಯಾರ ಕೂಸು?"

"ನಮ್ಮದೇ ಕಣೇ," ಎಂದು ವಿಬಿಯುಸ್ ರೊಟ್ಟಿ ಮುರಿದು ಅವಳ ಬಾಯಿಗೆ ಹಿಡಿದ. "ಇಬ್ಬರಿಗೂ ಹಾಲು ಸಾಲಬೇಕು, ಮೊದಲು ನೀನು ತಿನ್ನು."