ಸಾಕವ್ವ ಎಂಜಲು ಒಲ್ಲೆನೆಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳನ್ನು ಆಗಷ್ಟೇ ಮಾಡಿ ಬಿಸಿಲಿಗೆ ಒಣಗಲು ಇಟ್ಟಿದ್ದರು. ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು.

ಆಗ ಹೊನ್ನಿ ಅಂತ ಒಬ್ಬ ಹೆಂಗಸಿದ್ದಳು. ಅವಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಎರಡು ಊರಿದ್ದವು. ಬಾಯೂರಿಗೆ ಬೋರಕ್ಕ ಯಜಮಾನಿ. ಕೆಳಗಿನ ಕರುಳೂರಿಗೆ ಅವಳ ತಂಗಿ ಸಾಕವ್ವ. ಇಬ್ಬರ ಸಂಸಾರವೂ ಎಷ್ಟು ದೊಡ್ಡದೆಂದರೆ, ನಕ್ಷತ್ರಗಳು ಎಣಿಸಲು ಬಂದು, ಲೆಕ್ಕ ತಪ್ಪಿ, ನಾಚಿಕೆಯಿಂದ ಅವತ್ತಿನಿಂದ ಹಗಲು ಹೊತ್ತು ಮುಖ ತೋರಿಸುವುದಿಲ್ಲ.

ಸಾಕವ್ವನಿಗೆ ಊಟಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೆಮ್ಮದಿಗೆ. ಮಾವಿನಹಣ್ಣು ಬಂದರೆ ಮೊದಲು ಅಕ್ಕನಿಗೆ. ಜೇನು ಬಂದರೆ ಮೊದಲು ಅಕ್ಕನಿಗೆ. ಬೆಳಕು, ಹಾಡು, ಹರಟೆ, ಎಲ್ಲ ಮೊದಲು ಅಕ್ಕನಿಗೆ. ಕತ್ತಲಲ್ಲಿ ಕೂತ ಸಾಕವ್ವನಿಗೆ ಬರುತ್ತಿದ್ದುದು ಅಗಿದು ಅಗಿದು ಬಿಟ್ಟದ್ದು.

ಒಂದು ದಿನ ಮೇಲಿಂದ ಬೋರಕ್ಕನ ದನಿ ಕೇಳಿಸಿತು. "ಆಹಾ, ಹುರುಳಿ ಸಾರು! ಒಗ್ಗರಣೆ ಘಮ ನೋಡ್ರೇ! ಹೂಂ, ನಮ್ಮದಾಯ್ತು, ಇನ್ನು ತಂಗಿಗೆ ಕಳಿಸಿ."

"ಆಯ್ತಂತೆ, ಕಳಿಸಬೇಕಂತೆ!" ಸಾಕವ್ವ ಭಗ್ಗೆಂದಳು. "ಹುಟ್ಟಿದಾಗಿನಿಂದ ಅವಳ ಎಂಜಲು ತಿಂದ್ಕೊಂಡು ಬಿದ್ದಿದೀನಿ. ಬಾಗಿಲು ಹಾಕ್ರೇ! ಇವತ್ತಿಂದ ಈ ಮನೇಲಿ ಎಂಜಲು ಮುಟ್ಟೋರಿಲ್ಲ."

ಕರುಳೂರಿನವರೆಲ್ಲ ಕೈಕಟ್ಟಿ ಕೂತರು. ಹುರುಳಿ ಅರಗಿಸುವವರೇ ಇಲ್ಲ. ಹೊನ್ನಿಯ ಹೊಟ್ಟೆ ತಮಟೆಯಾಯಿತು. ತಟ್ಟಿದರೆ ಕಾಡಿನ ನವಿಲುಗಳು ಬಂದು ಕುಣಿಯುತ್ತಿದ್ದವು. ತಾಳ ಸ್ವಲ್ಪ ತಪ್ಪುತ್ತಿತ್ತು, ಅದು ನವಿಲಿನ ತಪ್ಪು. ಪಾಪ ಹೊನ್ನಿ, ನೋವಿಗೆ ಊಟ ಬಿಟ್ಟಳು, ನೀರೂ ಬಿಟ್ಟಳು, ಮುದುಡಿ ಮಲಗಿದಳು.

ಬಾಯೂರಿನ ಜೊಲ್ಲುಹೊಳೆ ಬತ್ತಿತು. ಬೋರಕ್ಕನ ಹಾಡು ನಿಂತಿತು.

"ಈಗ ಗೊತ್ತಾಗ್ಲಿ," ಎಂದಳು ಸಾಕವ್ವ. ಅಂದಳೇನೋ ಸರಿ, ಆದರೆ ಹೊತ್ತು ಹೋಗಲೊಲ್ಲದು. ಉರಿದುಕೊಳ್ಳಲಿಕ್ಕಾದರೂ ಮೇಲೆ ಏನಾದರೂ ನಡೆಯಬೇಕಲ್ಲ!

ಆಗ ಗಾಳಿಯಪ್ಪ ಕೆಳಗಿಳಿದು ಬಂದ. ಎರಡೂ ಊರಿನ ಸುದ್ದಿ ಹೊತ್ತು ಓಡಾಡುತ್ತಿದ್ದವನು ಅವನೇ.

"ಸಾಕವ್ವಾ, ಹೊಳೆ ಬತ್ತಿ ಬಿರುಕು ಬಿಟ್ಟದೆ. ಬೋರಕ್ಕನ ಮಕ್ಕಳು ಹಲ್ಲಿನ ಸಂದೀಲಿ ಒಣಗಿ ಬಿದ್ದವೆ. ಹೊನ್ನಿ ಹೋದ್ರೆ ಅವಳಿಗೂ ಮನೆ ಇಲ್ಲ, ನಿನಗೂ ಇಲ್ಲ."

"ಅದಿರ್ಲಿ. ಅವಳು ನನ್ನ ಬಗ್ಗೆ ಏನಂದ್ಳು?"

ಗಾಳಿಯಪ್ಪ ಹಿಂದೆ ಮುಂದೆ ನೋಡಿದ. "ಹೇಳಬೇಡ ಅಂದವ್ಳೆ."

"ಹಾಗಾದ್ರೆ ಬೇಗ ಹೇಳು."

"'ನನ್ನ ತಂಗಿಗೇನಮ್ಮ' ಅಂತಾಳೆ. 'ಬೆಚ್ಚಗಿನ ಮನೆ, ಉದ್ದೋ ಉದ್ದ ಪಡಸಾಲೆ. ಊಟ ನನ್ನ ಮನೇಗೆ ಬಂದ ಹಾಗೇ ಜಾರಿ ಓಡ್ತದೆ, ಅವಳ ಮನೇಲಾದ್ರೆ ರಾತ್ರಿಯೆಲ್ಲ ಉಳ್ಕೊಳ್ತದೆ. ನನಗೆ ಬೆಳಗಾದ್ರೆ ಬೇವಿನ ಕಡ್ಡಿ ಏಟು! ಹೊನ್ನಿ ಬಾಯಿ ಮುಕ್ಕಳಿಸಿದ್ರೆ ಅರ್ಧ ಸಂಸಾರ ಅಂಗಳಕ್ಕೆ! ತಂಗೀನ ನೆನೆಸ್ಕೊಂಡ್ರೆ ಉರೀತದೆ' ಅಂತಾಳೆ."

"ನಿಜವಾಗ್ಲೂ ಉರೀತದೆ ಅಂದ್ಳಾ?"

"ಧಗಧಗ ಅಂತ."

"ಇನ್ನೊಂದ್ಸಲ ಹೇಳು."

ಗಾಳಿಯಪ್ಪ ಇನ್ನೊಂದು ಸಲ ಹೇಳಿದ. ಈ ಸಲ ಸ್ವಲ್ಪ ಉಪ್ಪುಖಾರವನ್ನೂ ಸೇರಿಸಿದ. ಸಾಕವ್ವನ ಜೀವಕ್ಕೆ ಎಳನೀರು ಕುಡಿದಷ್ಟು ತಂಪಾಯಿತು. ಅಕ್ಕ! ಹಾಡುವ ಅಕ್ಕ! ತನ್ನನ್ನು ನೆನೆದು ಉರಿಯುವುದೆಂದರೆ!

"ಬಾಗಿಲು ತೆಗೀರೇ," ಎಂದಳು ಬಿಂಕದಿಂದ. "ಪಾಪ, ಅಕ್ಕನಿಗೆ ನನ್ನಷ್ಟು ಸುಖ ಎಲ್ಲಿ? ಅವಳ ಎಂಜಲಾದ್ರೇನಂತೆ, ನಾವೇ ಉಣ್ಣೋಣ."

ಹುರುಳಿ ಅರಗಿತು. ಹೊಟ್ಟೆ ಇಳಿಯಿತು, ಅದು ಇಳಿದ ಸದ್ದಿಗೆ ನವಿಲುಗಳು ದಿಕ್ಕಾಪಾಲಾದವು. ಹೊನ್ನಿ ಎದ್ದು ನೀರು ಕುಡಿದಳು. ಹೊಳೆ ಹರಿಯಿತು. ಒಲೆಯ ಮೇಲೆ ಸಾರು ಕುದಿಯಿತು, ಬೋರಕ್ಕ ಹಾಡತೊಡಗಿದಳು.

ಹಾಡು ಕಿವಿಗೆ ಬಿದ್ದದ್ದೇ ತಡ, ಸಾಕವ್ವನ ತಂಪೆಲ್ಲ ಹಾರಿಹೋಯಿತು. "ನೋಡ್ರೇ, ಮತ್ತೆ ಮೊದಲು ಅವಳಿಗೇ!"

ಅದಕ್ಕೇ ಮರಿ, ಇವತ್ತಿಗೂ ಅಡುಗೆಮನೆಯಿಂದ ಒಗ್ಗರಣೆ ಘಮ್ಮೆಂದರೆ ನಿನ್ನ ಬಾಯಲ್ಲಿ ಬೋರಕ್ಕನ ಹೊಳೆ ಉಕ್ಕುತ್ತದೆ, ಅದೇ ಗಳಿಗೆಗೆ ಹೊಟ್ಟೆಯೊಳಗಿಂದ ಸಾಕವ್ವ "ಗುರ್‌ರ್‌ರ್, ನನಗೂ ಇರ್ಲಿ ಕಣೇ!" ಎಂದು ಜಗಳಕ್ಕೆ ನಿಲ್ಲುತ್ತಾಳೆ.