ತೊಟ್ಟಿಯ ನೀರು ಕುಡಿದ ಹೇಂಟೆ

ತಿಪ್ಪೆಯ ಮೇಲೇರಿ ಹುಂಜಸ್ವಾಮಿಗಳು ಕೂಗಿದರು: “ಬಾತುಗಳು ಇಳಿದ ತೊಟ್ಟಿಯ ನೀರು ವಿಷ! ಇವತ್ತೇ ಅವುಗಳ ಮೊಟ್ಟೆ ಒಡೆದು, ಅಂಗಳದಿಂದ ಓಡಿಸಿ!”

ಬೂದು ಹೇಂಟೆಗೆ ತಡೆಯಲಾಗಲಿಲ್ಲ. ಏನಾದರೂ ಕೆಟ್ಟಿದೆ ಅನ್ನುವವರು ರುಚಿ ನೋಡಿ ಹೇಳಬೇಕು ಅನ್ನುವವಳು ಅವಳು. ಎಲ್ಲರೆದುರು ಆ ತೊಟ್ಟಿಯ ನೀರನ್ನೇ ಹೊಟ್ಟೆ ತುಂಬ ಕುಡಿದಳು.

“ನೋಡ್ರಮ್ಮಾ, ಸತ್ತೆನಾ?”

ಕೋಳಿಗಳು ಮುಖ ಮುಖ ನೋಡಿಕೊಂಡವು. ಸ್ವಾಮಿಗಳು ಜಗ್ಗಲಿಲ್ಲ. “ವಿಷ ಕುಡಿದೂ ಸಾಯಲಿಲ್ಲ ಅಂದರೆ ಇವಳೂ ಬಾತಿನ ಜಾತಿಯೇ!” ಎಂದು ತಿಪ್ಪೆಯಿಂದಿಳಿದು ಮೊದಲು ತಾವೇ ಅವಳನ್ನು ಕುಕ್ಕಿದರು.

ರಕ್ತ ಕಂಡ ಮೇಲೆ ಕೋಳಿಗಳನ್ನು ಹಿಡಿಯುವವರಾರು? ಮುತ್ತಿಕೊಂಡ ಗುಂಪಿನಲ್ಲಿ ತನ್ನ ತಂಗಿಯನ್ನು ಕಂಡು ಹೇಂಟೆಗೆ ಹೋದ ಜೀವ ಬಂದಂತಾಯಿತು. ತಂಗಿ ಹತ್ತಿರ ಬಂದು ಪಿಸುಗುಟ್ಟಿದಳು: “ನೀರು ಚೆನ್ನಾಗಿದೆ ಅಂತ ನಂಗೂ ಗೊತ್ತಕ್ಕಾ. ನಿನ್ನೆ ನಾನೂ ಕುಡಿದಿದ್ದೆ. ಅದಕ್ಕೇ ಭಯ.”

ಹಾಗೆಂದವಳೇ ಅಕ್ಕನ ಕಣ್ಣಿಗೇ ಕುಕ್ಕಿದಳು.